ಜರ್ಬಿಲ್‌ಗೆ ಮರಳು ಸ್ನಾನ: ಯಾವ ಮರಳು ಹಾಕಬೇಕು, ಮನೆ ತುಂಬ ಹರಡೋ ಮರಳಿಗೆ ಏನು ಮಾಡಬೇಕು?

ಇವತ್ತಿನ ಪ್ರಶ್ನೆ ಬಂದಿರೋದು ಚನ್ನಗಿರಿ ತಾಲೂಕಿನ ನಲ್ಲೂರಿನಿಂದ. ಕಾಲೇಜಿಗೆ ಹೋಗೋ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಅವರ ಮನೇಲಿ ಎರಡು ಜರ್ಬಿಲ್ ಇವೆ. ಅವಕ್ಕೆ ಮರಳು ಸ್ನಾನ ಬೇಕು ಅಂತ ವಿಡಿಯೊಗಳಲ್ಲಿ ನೋಡಿದ್ದಾರೆ. ಆದರೆ ಅಲ್ಲಿ ತೋರಿಸೋ ಪ್ಯಾಕೆಟ್ ಮರಳು ಊರಲ್ಲಿ ಸಿಗಲ್ಲ. ಪಕ್ಕದಲ್ಲಿ ಮನೆ ಕಟ್ಟೋ ಜಾಗದಿಂದ ಒಂದು ಬೋಗುಣಿ ಎಂ-ಸ್ಯಾಂಡ್ ತಂದು ಎರಡು ದಿನ ಹಾಕಿದ್ದಾರೆ. ಅದನ್ನೇ ಮುಂದುವರಿಸಬಹುದಾ ಅನ್ನೋದು ಮೊದಲ ಪ್ರಶ್ನೆ. ಎರಡನೆಯದು ಇನ್ನೂ ಗಂಭೀರ: ಮನೆಯೆಲ್ಲ ಮರಳಾಗಿದೆ, 'ಆ ಇಲಿಗಳನ್ನ ಯಾರಿಗಾದ್ರೂ ಕೊಟ್ಟುಬಿಡು' ಅಂತ ಅಮ್ಮ ಹೇಳ್ತಿದ್ದಾರೆ.

ಮೊದಲೇ ಉತ್ತರ ಹೇಳಿಬಿಡ್ತೀನಿ. ಎಂ-ಸ್ಯಾಂಡ್ ಬೇಡ. ತೊಳೆದು ಹುರಿದ ಹೊಳೆ ಮರಳು ಆಗುತ್ತೆ. ಹೀಗೆ ತಯಾರಾದ ಮರಳು ಹಾಕಿದರೆ ಮನೆಯ ಗಲೀಜೂ ಅರ್ಧಕ್ಕರ್ಧ ಕಡಿಮೆಯಾಗುತ್ತೆ. ಯಾಕೆ ಅನ್ನೋದನ್ನ ಒಂದೊಂದಾಗಿ ನೋಡೋಣ.

ಮರಳು ಯಾಕೆ ಬೇಕು?

ಅಂಗಳದಲ್ಲಿ ಕೋಳಿ ಗುಂಡಿ ತೋಡಿಕೊಂಡು ಮಣ್ಣಿನಲ್ಲಿ ಹೊರಳೋದನ್ನ ನೋಡಿರ್ತೀರಿ. ಗುಬ್ಬಿಗಳೂ ಧೂಳಲ್ಲಿ ರೆಕ್ಕೆ ಬಡೀತವೆ. ಜರ್ಬಿಲ್ ಮಾಡೋದೂ ಅದೇ ಕೆಲಸ. ನಾವು ಸಾಕೋ ಜರ್ಬಿಲ್‌ಗಳ ಮೂಲ ಮಂಗೋಲಿಯಾ ಮತ್ತು ಉತ್ತರ ಚೀನಾದ ಒಣ ಹುಲ್ಲುಗಾವಲು. 1866ರಲ್ಲಿ ಅರ್ಮಾಂಡ್ ಡೇವಿಡ್ ಅನ್ನೋ ಫ್ರೆಂಚ್ ಪಾದ್ರಿ ಇವುಗಳ ಮಾದರಿಗಳನ್ನ ಪ್ಯಾರಿಸ್‌ಗೆ ಕಳಿಸಿದ ಮೇಲೆ ಹೊರಗಿನ ವಿಜ್ಞಾನಿಗಳಿಗೆ ಈ ಪ್ರಾಣಿಯ ಪರಿಚಯ ಆಯ್ತು. ನೀರು ಕಡಿಮೆ ಇರೋ ಜಾಗದ ಪ್ರಾಣಿ ಇದು. ಮೈ ಶುಚಿ ಮಾಡಿಕೊಳ್ಳೋಕೆ ಇದಕ್ಕೆ ನೀರು ಬೇಕಿಲ್ಲ, ಮರಳು ಸಾಕು.

ಇದರ ಹಿಂದೆ ಒಂದು ಗ್ರಂಥಿಯ ಕಥೆ ಇದೆ. ಜರ್ಬಿಲ್‌ನ ಕಣ್ಣುಗುಡ್ಡೆಯ ಹಿಂದೆ ಹಾರ್ಡೇರಿಯನ್ ಗ್ರಂಥಿ ಅಂತ ಇರುತ್ತೆ. ಅದರಿಂದ ಜಿಡ್ಡಿನ ಜೊತೆ ಕೆಂಪು ಬಣ್ಣದ ಒಂದು ಪದಾರ್ಥ ಒಸರಿ ಮೂಗಿನ ಹತ್ತಿರ ಬರುತ್ತೆ. ಮುಖ ಉಜ್ಜಿಕೊಳ್ಳುವಾಗ ಜರ್ಬಿಲ್ ಆ ಜಿಡ್ಡನ್ನ ಮೈತುಂಬ ಸವರಿಕೊಳ್ಳುತ್ತೆ. ನಾವು ಚಳಿಗೆ ಎಣ್ಣೆ ಹಚ್ಚಿಕೊಂಡ ಹಾಗೆ, ಅದು ಚಳಿ ಮತ್ತು ತೇವದಿಂದ ಕಾಪಾಡುತ್ತೆ. ಆದರೆ ಜಿಡ್ಡು ಹೆಚ್ಚಾದರೆ ಕೂದಲು ಅಂಟಿಕೊಂಡು ಮುದ್ದೆಯಾಗುತ್ತೆ. ಹೆಚ್ಚಾದ ಜಿಡ್ಡನ್ನ ಹೀರಿಕೊಂಡು ಉದುರಿಸೋದೇ ಮರಳಿನ ಕೆಲಸ.

ನಮ್ಮ ಕಡೆ ಇದು ಇನ್ನೂ ಮುಖ್ಯ. ಗಾಳಿಯ ತೇವ ಶೇ 50ರ ಮೇಲೆ ಹೋದರೆ ಜರ್ಬಿಲ್‌ನ ಕೂದಲು ಒರಟಾಗಿ ನಿಮಿರಿ ನಿಲ್ಲೋಕೆ ಶುರುವಾಗುತ್ತೆ. ಮಳೆಗಾಲದಲ್ಲಿ ಚನ್ನಗಿರಿ, ಹೊನ್ನಾಳಿ ಕಡೆ ತೇವ ಇದಕ್ಕಿಂತ ಎಷ್ಟೋ ಮೇಲೆ ಇರುತ್ತೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ಮರಳು ಸ್ನಾನ ತಪ್ಪಿಸಬೇಡಿ.

ಇನ್ನೊಂದು ಮಾತು. ಜಿಡ್ಡಾಗಿದೆ ಅಂತ ನೀರು, ಶಾಂಪೂ ಹಾಕಿ ತೊಳೆಯೋದು ಬೇಡ. ಪೂರ್ತಿ ಬೆಳೆದ ಜರ್ಬಿಲ್‌ನ ತೂಕವೇ 50ರಿಂದ 100 ಗ್ರಾಂ. ಒದ್ದೆಯಾದರೆ ಬೇಗ ಮೈ ತಣ್ಣಗಾಗಿ ಕಾಯಿಲೆ ಬೀಳುತ್ತೆ. ನಾವು ಮುಖಕ್ಕೆ ಹಚ್ಚೋ ಪೌಡರೂ ಬೇಡ.

ಎಂ-ಸ್ಯಾಂಡ್ ಯಾಕೆ ಬೇಡ?

ಎಂ-ಸ್ಯಾಂಡ್ ಅಂದರೆ ಕ್ರಷರ್‌ನಲ್ಲಿ ಗಟ್ಟಿ ಕಲ್ಲನ್ನ ಪುಡಿ ಮಾಡಿ ತಯಾರಿಸಿದ ಮರಳು. ಕಾಂಕ್ರೀಟಿಗೆ ಅದು ಚೆನ್ನಾಗಿದೆ, ಯಾಕಂದ್ರೆ ಅದರ ಕಾಳುಗಳಿಗೆ ಮೂಲೆಗಳಿರುತ್ತವೆ, ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅದೇ ಮೂಲೆಗಳು ಜರ್ಬಿಲ್‌ನ ಕಣ್ಣಿಗೆ, ಚರ್ಮಕ್ಕೆ ತರಚುತ್ತವೆ. ಅದಕ್ಕಿಂತ ದೊಡ್ಡ ತೊಂದರೆ, ಅದರ ಜೊತೆ ಬರೋ ನಯವಾದ ಕಲ್ಲಿನ ಧೂಳು. ಕಲ್ಲು ಕ್ವಾರಿ ಮತ್ತು ಕ್ರಷರ್ ಕೆಲಸಗಾರರಿಗೆ ಬರೋ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆಗೆ ಕಾರಣ ಸಿಲಿಕಾ ಇರೋ ಇಂಥ ಧೂಳೇ. ನೆಲಕ್ಕೆ ಮೂಗು ಹಚ್ಚಿಕೊಂಡೇ ಓಡಾಡೋ ಪುಟ್ಟ ಪ್ರಾಣಿ ಅದರಲ್ಲಿ ದಿನಾ ಹೊರಳಿದರೆ ಒಳಗೆ ಏನು ಹೋಗುತ್ತೆ ಅಂತ ಯೋಚಿಸಿ. ಅದೇ ಕೋಣೆಯಲ್ಲಿ ಮಲಗೋ ನಿಮಗೂ ಅದು ಒಳ್ಳೆಯದಲ್ಲ.

ಹೊಳೆ ಮರಳು ಹಾಗಲ್ಲ. ನೀರಿನಲ್ಲಿ ಉರುಳಿ ಉರುಳಿ ಅದರ ಮೂಲೆ ಸವೆದಿರುತ್ತೆ. ಹೊನ್ನಾಳಿ ಪಕ್ಕದಲ್ಲೇ ತುಂಗಭದ್ರೆ ಹರೀತಾಳೆ, ಹಾಗಾಗಿ ನಮ್ಮ ಜಿಲ್ಲೆಯವರಿಗೆ ಹೊಳೆ ಮರಳಿನ ಗುರುತು ಹೇಳಿಕೊಡಬೇಕಿಲ್ಲ. ಇದಕ್ಕಾಗಿ ನದಿಗೆ ಇಳಿಯೋದೂ ಬೇಡ. ಪ್ಲಾಸ್ಟರಿಂಗ್‌ಗೆ ಅಂತ ಹೊಳೆ ಮರಳು ತರಿಸಿದ ಮನೆಯವರನ್ನ ಕೇಳಿ ಎರಡು ಸೇರು ತಂದರೆ ಆಯ್ತು. ಸಿಮೆಂಟ್ ಬೆರೆತ ರಾಶಿಯಿಂದ ಮಾತ್ರ ತರಬೇಡಿ.

ಆನ್‌ಲೈನ್‌ನಲ್ಲಿ ಕೊಳ್ಳೋರಿಗೂ ಒಂದು ಎಚ್ಚರಿಕೆ. ಚಿಂಚಿಲ್ಲಾ ಅನ್ನೋ ಪ್ರಾಣಿಗೆ ಅಂತ ಮಾರೋ 'ಡಸ್ಟ್' ಬೇರೆ, 'ಸ್ಯಾಂಡ್' ಬೇರೆ. ಡಸ್ಟ್ ಅಂದರೆ ಹಿಟ್ಟಿನಷ್ಟು ನಯವಾದ ಪುಡಿ, ಗಾಳಿಯಲ್ಲಿ ತೇಲುತ್ತೆ. ಅದು ಬೇಡ. ಕ್ಯಾಲ್ಸಿಯಂ ಸ್ಯಾಂಡ್ ಒದ್ದೆಯಾದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತೆ, ಅದೂ ಬೇಡ. ಅಕ್ವೇರಿಯಂನ ಬಣ್ಣ ಹಾಕಿದ ಮರಳೂ ಬೇಡ.

ತಯಾರು ಮಾಡೋದು ಹೇಗೆ?

ರಾಶಿಯಿಂದ ತಂದ ಮರಳನ್ನ ಹಾಗೇ ಹಾಕಬೇಡಿ. ಬೀದಿ ನಾಯಿ, ಬೆಕ್ಕುಗಳಿಗೆ ಮರಳಿನ ರಾಶಿಯೇ ಶೌಚಾಲಯ. ಇಲಿ ಮೂತ್ರ ಬಿದ್ದಿದ್ದರೆ ಇಲಿ ಜ್ವರದ ಭಯವೂ ಇದೆ. ಆದ್ದರಿಂದ ನಾಲ್ಕು ಹಂತ ನೆನಪಿಟ್ಟುಕೊಳ್ಳಿ.

ಒಂದು, ಜರಡಿ. ಕಲ್ಲು, ಕಪ್ಪೆಚಿಪ್ಪು, ಕಸ ತೆಗೆಯಿರಿ. ಉಳಿಯೋ ಕಾಳು ಉಪ್ಪಿಟ್ಟಿನ ಸಣ್ಣ ರವೆಯಷ್ಟಿರಲಿ.

ಎರಡು, ತೊಳೆಯೋದು. ಬಕೆಟ್‌ನಲ್ಲಿ ಹಾಕಿ ಅಕ್ಕಿ ತೊಳೆದ ಹಾಗೆ ಕಲಕಿ ರಾಡಿ ನೀರು ಚೆಲ್ಲಿ. ನೀರು ತಿಳಿಯಾಗೋವರೆಗೂ ಮಾಡಬೇಕು, ಆರೇಳು ಸಲ ಬೇಕಾಗಬಹುದು. ಧೂಳು ಹೋಗೋದು ಈ ಹಂತದಲ್ಲೇ. ಹೊಳೆ ಮರಳಿನಲ್ಲೂ ಸಿಲಿಕಾ ಇರುತ್ತೆ, ಆದ್ದರಿಂದ ಅದರ ನಯವಾದ ಧೂಳೂ ಒಳ್ಳೆಯದಲ್ಲ. ಇಲ್ಲಿ ಸೋಮಾರಿತನ ಬೇಡ.

ಮೂರು, ಒಣಗಿಸಿ ಹುರಿಯೋದು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಮರಳು ಕಾಯಿಸಿ ಅಕ್ಕಿ ಹುರಿಯೋದು ಗೊತ್ತಲ್ಲ? ಹಾಗೆಯೇ ಹಳೇ ಕಬ್ಬಿಣದ ಬಾಣಲೆಯಲ್ಲಿ ತೆಳ್ಳಗೆ ಹರಡಿ, ಕೈಯಾಡಿಸ್ತಾ ಅರ್ಧ ಗಂಟೆ ಚೆನ್ನಾಗಿ ಕಾಯಿಸಿ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಪೂರ್ತಿ ಆರಿದ ಮೇಲೇ ಡಬ್ಬಿಗೆ ತುಂಬಿ. ಮರಳು ಶಾಖವನ್ನ ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತೆ. ಮೇಲೆ ತಣ್ಣಗಿದ್ದರೂ ಒಳಗೆ ಬಿಸಿ ಇರಬಹುದು, ಬೆರಳು ಆಳಕ್ಕೆ ಹಾಕಿ ನೋಡಿ.

ನಾಲ್ಕು, ಪರೀಕ್ಷೆ. ಕಿಟಕಿಯ ಬಿಸಿಲಿಗೆ ಅಡ್ಡವಾಗಿ, ಮುಖದಿಂದ ದೂರ ಹಿಡಿದು, ಒಂದು ಹಿಡಿ ಒಣ ಮರಳನ್ನ ಮೊಳ ಎತ್ತರದಿಂದ ತಟ್ಟೆಗೆ ಸುರಿಯಿರಿ. ಹೊಗೆ ಎದ್ದ ಹಾಗೆ ಕಂಡರೆ ಇನ್ನೂ ಧೂಳಿದೆ, ಮತ್ತೆ ತೊಳೆಯಿರಿ. ಕಾಳುಗಳು ಮಾತ್ರ ಬಿದ್ದರೆ ತಯಾರು.

ನೆಲದ ಮೇಲೆ ಬಿದ್ದ ಕಾಳು ಕಣ್ಣಿಗೆ ಕಾಣುತ್ತೆ, ಗುಡಿಸಿ ತೆಗೀಬಹುದು. ಗಾಳಿಯಲ್ಲಿ ಎದ್ದ ಧೂಳು ಟಿವಿ ಮೇಲೆ, ಹಾಸಿಗೆ ಮೇಲೆ, ಒಗೆದ ಬಟ್ಟೆ ಮೇಲೆ ಕೂರುತ್ತೆ. ನಿಮ್ಮಮ್ಮನಿಗೆ ಸಿಟ್ಟು ಬರಿಸ್ತಿರೋ ಗಲೀಜಿನಲ್ಲಿ ಹೆಚ್ಚಿನ ಪಾಲು ಬಹುಶಃ ಈ ಧೂಳಿನದೇ. ಜರ್ಬಿಲ್‌ನ ಶ್ವಾಸಕೋಶಕ್ಕೆ ಯಾವುದು ಕೆಟ್ಟದ್ದೋ ಮನೆಗೂ ಅದೇ ಕೆಟ್ಟದ್ದು.

ಪಾತ್ರೆ ಮತ್ತು ಸಮಯ

ಪ್ಲಾಸ್ಟಿಕ್ ಡಬ್ಬಿ ಇಡಬೇಡಿ, ಎರಡೇ ದಿನದಲ್ಲಿ ಕಡಿದು ಚೂರು ಮಾಡ್ತವೆ. ಭಾರವಾದ ಪಿಂಗಾಣಿ ಬಟ್ಟಲು, ಅಡಿ ಅಗಲ ಇರೋ ಸ್ಟೀಲ್ ಬೋಗುಣಿ ಅಥವಾ ಗಾಜಿನ ಪಾತ್ರೆ ಒಳ್ಳೆಯದು. ಎರಡು ಜರ್ಬಿಲ್ ಒಟ್ಟಿಗೆ ಹೊರಳೋಕೆ ಸುಮಾರು 20 ಸೆಂಟಿಮೀಟರ್ ಅಗಲ ಬೇಕು. ಪಾತ್ರೆಯ ಗೋಡೆ 10 ಸೆಂಟಿಮೀಟರ್ ಇದ್ದರೆ ಮರಳು 3 ಸೆಂಟಿಮೀಟರ್ ಸಾಕು. ಗೋಡೆ ಎತ್ತರ, ಮರಳು ಕಡಿಮೆ – ಚೆಲ್ಲೋದನ್ನ ತಡೆಯೋ ಸೂತ್ರ ಇಷ್ಟೇ.

ಇದಕ್ಕಿಂತ ಒಳ್ಳೆಯದು, ಕಂಠ ಕಿರಿದಾಗಿರೋ ದೊಡ್ಡ ಗಾಜಿನ ಜಾರ್ ಅಥವಾ ಹಳೇ ಉಪ್ಪಿನಕಾಯಿ ಭರಣಿಯನ್ನ ಅಡ್ಡ ಮಲಗಿಸೋದು. ಹೊಟ್ಟೆಯಲ್ಲಿ ಮರಳು, ಕಂಠದಿಂದ ದಾರಿ. ಹಿಂಗಾಲಿನಿಂದ ಎಷ್ಟೇ ಚಿಮ್ಮಿದರೂ ಮರಳು ಒಳಗೇ ಬೀಳುತ್ತೆ. ಜರ್ಬಿಲ್ ಸಲೀಸಾಗಿ ಹೋಗಿ ತಿರುಗಿ ಬರೋಷ್ಟು ಬಾಯಿ ಅಗಲ ಇರಲಿ. ಉರುಳದ ಹಾಗೆ ಎರಡೂ ಕಡೆ ಇಟ್ಟಿಗೆ ಚೂರು ಕೊಡಿ. ಉಪ್ಪು, ಖಾರದ ವಾಸನೆ ಪೂರ್ತಿ ಹೋಗೋ ಹಾಗೆ ಬಿಸಿ ನೀರಿನಲ್ಲಿ ತೊಳೆದಿರಬೇಕು.

ಪಾತ್ರೆಯನ್ನ ಗೂಡಿನ ಹಾಸಿನ ಮೇಲೆ ನೇರವಾಗಿ ಇಟ್ಟರೆ ಜರ್ಬಿಲ್‌ಗಳು ಅದನ್ನ ಹೂತುಬಿಡ್ತವೆ, ಅಗೆಯೋದು ಅವುಗಳ ಹುಟ್ಟುಗುಣ. ನೆಲದಿಂದ ನಾಲ್ಕು ಇಟ್ಟಿಗೆ ಪೇರಿಸಿ ಕಟ್ಟೆ ಮಾಡಿ ಅದರ ಮೇಲೆ ಇಡಿ. ಇಟ್ಟಿಗೆ ಗೂಡಿನ ತಳದ ಮೇಲೇ ಕೂತಿರಬೇಕು. ಹಾಸಿನ ಮೇಲೆ ಇಟ್ಟರೆ ಅವು ಕೆಳಗೆ ಸುರಂಗ ಕೊರೆದಾಗ ಕುಸಿದು ಪ್ರಾಣಕ್ಕೇ ಅಪಾಯ.

ಎಷ್ಟು ಹೊತ್ತು? ವಾರಕ್ಕೆ ಮೂರು ಸಲ, ಅರ್ಧ ಗಂಟೆ ಸಾಕು. ಮಳೆಗಾಲದಲ್ಲಿ ದಿನಾ ಕೊಟ್ಟರೂ ಸರಿ. ಖಾಯಂ ಇಟ್ಟರೂ ತಪ್ಪಿಲ್ಲ, ಆದರೆ ಆಗ ಅವು ಅದನ್ನೇ ಮೂತ್ರದ ಜಾಗ ಮಾಡಿಕೊಳ್ತವೆ. ಕೆಲವರಿಗೆ ಅದೇ ಅನುಕೂಲ, ಗೂಡಿನ ಉಳಿದ ಭಾಗ ಚೊಕ್ಕಟವಾಗಿರುತ್ತೆ. ಆದರೆ ಆಗ ಮರಳನ್ನ ದಿನಾ ನೋಡಬೇಕು. ಮನೆಯಲ್ಲಿ ಈಗಾಗಲೇ ಜಗಳ ಇದ್ದರೆ ನಾನು ಹೇಳೋದು, ಹೊತ್ತು ಗೊತ್ತು ಮಾಡಿ ಇಟ್ಟು, ಆಮೇಲೆ ತೆಗೆದುಬಿಡಿ.

ಗಲೀಜು ತಡೆಯೋಕೆ ಒಂದು ಪದ್ಧತಿ

ಮರಳು ಇಡೋ ಮುಂಚೆ ಫ್ಯಾನ್ ಆಫ್ ಮಾಡಿ. ಗೂಡಿನ ಕೆಳಗೆ ಅದಕ್ಕಿಂತ ಒಂದು ಗೇಣು ಅಗಲ ಇರೋ ಹಳೇ ಬೆಡ್‌ಶೀಟ್ ಹಾಸಿ. ತಂತಿ ಗೂಡಾದರೆ ಸುತ್ತ ಕೆಳಭಾಗಕ್ಕೆ, ಹೊರಗಡೆಯಿಂದ, ರಟ್ಟು ಕಟ್ಟಿ. ಗಾಜಿನ ತೊಟ್ಟಿಯಾದರೆ ಈ ತಾಪತ್ರಯವೇ ಇಲ್ಲ. ಅಡುಗೆಮನೆಯಲ್ಲಿ, ದೇವರ ಕೋಣೆ ಹತ್ತಿರ ಗೂಡು ಇಡಬೇಡಿ, ಮೊದಲ ಜಗಳ ಅಲ್ಲೇ ಶುರುವಾಗೋದು.

ಮುಗಿದ ಮೇಲೆ ಬೆಡ್‌ಶೀಟ್ ನಾಲ್ಕು ಮೂಲೆ ಹಿಡಿದು ಹೊರಗೆ ಕೊಡವಿ. ನೆಲಕ್ಕೆ ಬಿದ್ದದ್ದನ್ನ ಮೊದಲು ಮೆಲ್ಲಗೆ ಗುಡಿಸಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಮರಳಿದ್ದಾಗಲೇ ಉಜ್ಜಿದರೆ ಟೈಲ್ಸ್ ಮೇಲೆ ಗೀರು ಬೀಳುತ್ತೆ.

ಪಾತ್ರೆಯ ಮರಳನ್ನ ಪ್ರತಿ ಸಲ ಜರಡಿ ಹಿಡಿದರೆ ಹಿಕ್ಕೆ, ಹಾಸಿನ ಚೂರು ಬೇರೆಯಾಗುತ್ತೆ. ಒದ್ದೆಯಾಗಿ ಗಂಟು ಕಟ್ಟಿದ್ದನ್ನ ಎತ್ತಿ ಬಿಸಾಡಿ. ಎರಡು ವಾರಕ್ಕೊಮ್ಮೆ ಪೂರ್ತಿ ಮರಳನ್ನ ತೊಳೆದು ಹುರಿದು ಮತ್ತೆ ಬಳಸಬಹುದು. ತೊಳೆದರೂ ವಾಸನೆ ಹೋಗದಿದ್ದರೆ ಹೊರಗೆ ಗುಂಡಿಗೆ ಹಾಕಿ. ಬಚ್ಚಲಿಗೆ, ಸಿಂಕ್‌ಗೆ ಮರಳು ಸುರಿಯಬೇಡಿ, ಪೈಪ್ ಕಟ್ಟಿಕೊಂಡರೆ ಜರ್ಬಿಲ್ ಮನೆ ಬಿಡೋದು ಗ್ಯಾರಂಟಿ. ಕೊನೆಗೆ ಸೋಪಿನಿಂದ ಕೈ ತೊಳೆಯಿರಿ.

ಈ ಕೆಲಸಕ್ಕೆಲ್ಲ ಹತ್ತು ನಿಮಿಷ ಸಾಕು. ಆದರೆ ಆ ಹತ್ತು ನಿಮಿಷ ನಿಮ್ಮದಾಗಿರಬೇಕು, ಅಮ್ಮನದಲ್ಲ. ಜರ್ಬಿಲ್ ಮೂರ್ನಾಲ್ಕು ವರ್ಷ ಬದುಕೋ ಪ್ರಾಣಿ. ಅಷ್ಟು ದಿನ ಅದು ಒಂದೇ ಮನೆಯಲ್ಲಿ ನೆಮ್ಮದಿಯಾಗಿ ಇರಬೇಕು ಅಂದರೆ, ಮನೆಯವರಿಗೆ ಅದರಿಂದ ಕೆಲಸ ಹೆಚ್ಚಾಗಬಾರದು.

ಮರಳಿನಿಂದ ಸರಿಹೋಗದ್ದು

ಮೂಗಿನ ಸುತ್ತ ಕೆಂಪಗೆ ಕಂಡರೆ ರಕ್ತ ಅಂತ ಗಾಬರಿ ಬೀಳಬೇಡಿ. ಮೊದಲು ಹೇಳಿದ ಆ ಗ್ರಂಥಿಯ ಕೆಂಪು ಪದಾರ್ಥ ಅಲ್ಲೇ ಉಳಿದಿರಬಹುದು. ಆದರೆ ಅದು ಚರ್ಮವನ್ನ ಕೆರಳಿಸಿ ಕೂದಲು ಉದುರಿ ಹುಣ್ಣಾಗುತ್ತೆ, ಹಾಗಾಗಿ ಬಿಡೋ ಹಾಗೂ ಇಲ್ಲ. ಮರಳು ಕೊಟ್ಟರೂ ಕಡಿಮೆಯಾಗದಿದ್ದರೆ, ಉಸಿರಾಡುವಾಗ ಟಿಕ್ ಟಿಕ್ ಶಬ್ದ ಬಂದರೆ, ಕಣ್ಣು ಮುಚ್ಚಿಕೊಂಡೇ ಇದ್ದರೆ, ತಿನ್ನೋದು ಬಿಟ್ಟರೆ ಮರಳು ತೆಗೆದುಬಿಟ್ಟು ಪಶುವೈದ್ಯರಿಗೆ ತೋರಿಸಿ. ಸಣ್ಣ ಪ್ರಾಣಿ ನೋಡ್ತೀರಾ ಅಂತ ಮೊದಲು ಫೋನ್ ಮಾಡಿ ಕೇಳಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ ಅನ್ನೋದೂ ನೆನಪಿರಲಿ. ಹಿಡಿಯುವಾಗ ಬಾಲ ಹಿಡಿದು ಎತ್ತಬೇಡಿ, ಬಾಲದ ಚರ್ಮ ಕಳಚಿ ಬರುತ್ತೆ.

ಕೊನೆಯದಾಗಿ, ಜಗಳೂರು ಕಡೆಯಂಥ ಒಣ ಹೊಲಗಳಲ್ಲಿ ಬಿಲ ತೋಡೋ, ಬಾಲದ ತುದಿಯಲ್ಲಿ ಕಪ್ಪು ಕುಚ್ಚಿರೋ ಇಲಿ ನೋಡಿದ್ದರೆ, ಅದು ಜರ್ಬಿಲ್‌ನ ದಾಯಾದಿ, ಭಾರತೀಯ ಜರ್ಬಿಲ್. ಅದನ್ನ ಹಿಡಿದು ತಂದು ಸಾಕಬೇಡಿ. ಪ್ಲೇಗ್ ರೋಗಾಣು ಕಾಡಿನಲ್ಲಿ, ಹೊಲದಲ್ಲಿ ಉಳಿದುಕೊಳ್ಳೋದು ಇಂಥ ಇಲಿಗಳಲ್ಲೇ ಅಂತ ಗುರುತಿಸಲಾಗಿದೆ. ಹಾಗೆಯೇ ಸಾಕಿದ ಜರ್ಬಿಲ್ ಬೇಡವಾಯ್ತು ಅಂತ ತೋಟಕ್ಕೆ ಬಿಡಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾ, ಹವಾಯಿ ರಾಜ್ಯಗಳಲ್ಲಿ ಇವು ತಪ್ಪಿಸಿಕೊಂಡು ಕಾಡಿನಲ್ಲಿ ನೆಲೆಯೂರಬಹುದು ಅನ್ನೋ ಭಯಕ್ಕೆ ಸಾಕೋದನ್ನೇ ನಿಷೇಧಿಸಿದ್ದಾರೆ.

ಸದ್ಯಕ್ಕೆ ಮಾಡಬೇಕಾದ್ದು: ಇವತ್ತೇ ಎಂ-ಸ್ಯಾಂಡ್ ತೆಗೆಯಿರಿ, ಒಂದೆರಡು ದಿನ ಮರಳಿಲ್ಲದಿದ್ದರೂ ಜರ್ಬಿಲ್‌ಗೆ ಏನೂ ಆಗಲ್ಲ. ಭಾನುವಾರ ಹೊಳೆ ಮರಳು ತೊಳೆದು ಹುರಿದಿಡಿ. ನಿಮ್ಮ ಮನೆಯ ಸಾಕುಪ್ರಾಣಿ ಬಗ್ಗೆ ಪ್ರಶ್ನೆ ಇದ್ದರೆ ವಾಯ್ಸ್ ನೋಟ್ ಕಳಿಸಿ.