ಉಳಿಯುವ ಕಿತ್ತಳೆಯ ಕಂಪು

ಒರಾಂಜ್ ಸಾಂಗ್ವಿನ್ 2010ರಲ್ಲಿ ಮಾರುಕಟ್ಟೆಗೆ ಬಂದ, ಕಿತ್ತಳೆಯೇ ಪ್ರಧಾನವಾದ ಸುಗಂಧದ್ರವ್ಯ. ಇದನ್ನು ಹೊರತಂದ ಅಟೆಲಿಯೆ ಕೊಲೋನ್, ಸಿಲ್ವಿ ಗಾಂಟೆರ್ ಮತ್ತು ಕ್ರಿಸ್ಟೋಫ್ ಸೆರ್ವಾಸೆಲ್ 2009ರಲ್ಲಿ ಕಟ್ಟಿದ, ಆಗಿನ್ನೂ ಸ್ವತಂತ್ರವಾಗಿದ್ದ ಚಿಕ್ಕ ಸಂಸ್ಥೆ. ಪರಿಮಳವನ್ನು ಸಂಯೋಜಿಸಿದವರು ರಾಲ್ಫ್ ಶ್ವೀಗರ್. ನಿಂಬೆ, ಕಿತ್ತಳೆಯ ಕಂಪು ಕ್ಷಣಿಕವೆಂಬ ಹಳೆಯ ನಂಬಿಕೆಯನ್ನು ಮೀರಿ, ಅದೇ ಕಂಪನ್ನು ಗಾಢವಾಗಿ, ಹೆಚ್ಚು ಹೊತ್ತು ಉಳಿಸುವುದು ಸಂಸ್ಥೆಯ ಗುರಿಯಾಗಿತ್ತು.

ಆ ನಂಬಿಕೆಯ ಹಿಂದೆ ಮೂರು ಶತಮಾನಗಳ ಅನುಭವವಿದೆ. ಇಟಲಿಯಿಂದ ಬಂದು ಜರ್ಮನಿಯ ಕೊಲೋನ್ ನಗರದಲ್ಲಿ ನೆಲೆಸಿದ ಫರೀನಾ ಮನೆತನದವರು 1709ರಲ್ಲಿ ಅಲ್ಲಿ ವ್ಯಾಪಾರ ಆರಂಭಿಸಿದರು. ಅವರ ಸುಗಂಧಜಲಕ್ಕೆ ಊರಿನ ಹೆಸರೇ ನಿಂತು, ‘ಓ ಡಿ ಕೊಲೋನ್’ ಎಂಬ ಬಗೆಯೇ ಹುಟ್ಟಿಕೊಂಡಿತು. ಈ ಬಗೆಯ ದ್ರವದಲ್ಲಿ ಪರಿಮಳ ತೈಲ ಸಾಮಾನ್ಯವಾಗಿ ಶೇ 2ರಿಂದ 5ರಷ್ಟು ಮಾತ್ರ. ಉಳಿದದ್ದೆಲ್ಲ ಆಲ್ಕೋಹಾಲ್ ಮತ್ತು ನೀರು. ಮೈಗೆ ಧಾರಾಳವಾಗಿ ಹಚ್ಚಿಕೊಂಡರೆ ಹಿತವಾದ ತಂಪು, ಆದರೆ ಒಂದೆರಡು ಗಂಟೆಯಲ್ಲಿ ಕಂಪು ಮಾಯ.

ಇದಕ್ಕೆ ಕಾರಣ ಹಣ್ಣಿನ ಸಿಪ್ಪೆಯಲ್ಲೇ ಇದೆ. ಕಿತ್ತಳೆ, ನಿಂಬೆ, ಬರ್ಗಮಾಟ್‌ಗಳ ತೈಲ ತುಂಬಿರುವುದು ಸಿಪ್ಪೆಯ ಮೇಲ್ಪದರದ ಸಣ್ಣ ಚೀಲಗಳಲ್ಲಿ. ಬಿಸಿ ತಾಗಿದರೆ ಪರಿಮಳ ಕೆಡುವುದರಿಂದ ಅದನ್ನು ಸಾಮಾನ್ಯವಾಗಿ ಬಟ್ಟಿ ಇಳಿಸದೆ, ಸಿಪ್ಪೆಯನ್ನು ಒತ್ತಿ ತೆಗೆಯುತ್ತಾರೆ. ಕಿತ್ತಳೆ ತೈಲದಲ್ಲಿ ಶೇ 90ಕ್ಕೂ ಹೆಚ್ಚು ಭಾಗ ಲಿಮೊನೀನ್. ಇದರ ಅಣುವಿನಲ್ಲಿರುವುದು 10 ಇಂಗಾಲ ಮತ್ತು 16 ಜಲಜನಕದ ಪರಮಾಣುಗಳಷ್ಟೆ. ಇಂಥ ಹಗುರ ಅಣು ಚರ್ಮದ ಶಾಖಕ್ಕೆ ಬೇಗ ಆವಿಯಾಗುತ್ತದೆ. ಹೀಗಾಗಿ ಸುಗಂಧಕಾರರು ಈ ಸಿಟ್ರಸ್ (ನಿಂಬೆ ಜಾತಿಯ) ತೈಲಗಳನ್ನು ಮೊದಲು ಮೂಗಿಗೆ ಬಡಿದು ಮೊದಲೇ ಆರಿಹೋಗುವ ಮೇಲಿನ ಸ್ತರಕ್ಕೆ ಸೇರಿಸುತ್ತಾರೆ. ಅದರ ಕೆಳಗೆ ಹೂವುಗಳ ನಡುಸ್ತರ, ಮರ ಮತ್ತು ಅಂಟುಗಳ ತಳಸ್ತರ ಇರುತ್ತವೆ.

ಕಂಪನ್ನು ಉಳಿಸುವ ಮೊದಲ ದಾರಿ ತೈಲದ ಪ್ರಮಾಣ ಹೆಚ್ಚಿಸುವುದು. ಅದಕ್ಕೂ ಮಿತಿಯುಂಟು. ಬರ್ಗಮಾಟ್ ತೈಲದಲ್ಲಿರುವ ಬರ್ಗಾಪ್ಟೆನ್ ಮೈಗೆ ಹತ್ತಿದಾಗ ಬಿಸಿಲು ಬಿದ್ದರೆ ಚರ್ಮ ಸುಟ್ಟಂತಾಗಬಹುದು. ಅದನ್ನು ತೆಗೆದ ತೈಲವನ್ನೇ ಇಂದು ಹೆಚ್ಚಾಗಿ ಬಳಸುತ್ತಾರೆ. ಎರಡನೆಯ ದಾರಿ, ಸಿಟ್ರಸ್‌ನ ಭಾವವನ್ನು ಮುಂದಕ್ಕೊಯ್ಯುವ, ನಿಧಾನವಾಗಿ ಆರುವ ಪದಾರ್ಥಗಳನ್ನು ಬೆರೆಸುವುದು. ಎಡ್ಮಂಡ್ ರೂಡ್ನಿಟ್ಸ್ಕಾ 1966ರಲ್ಲಿ ಡಿಯೋರ್ ಸಂಸ್ಥೆಗೆ ರೂಪಿಸಿದ ‘ಓ ಸೊವಾಜ್’ನಲ್ಲಿ ನಿಂಬೆಯ ತಾಜಾತನಕ್ಕೆ ಮಲ್ಲಿಗೆಯ ನೆನಪು ತರುವ ಹೆಡಿಯೋನ್ ಎಂಬ ರಾಸಾಯನಿಕ ಆಸರೆಯಾಯಿತು. ಚಕೋತದ ಹತ್ತಿರದ ಸಂಬಂಧಿಯಾದ ಗ್ರೇಪ್‌ಫ್ರೂಟ್‌ನ ನೂಟ್‌ಕಟೋನ್ ಕೂಡ ಹೀಗೆ ನಿಧಾನವಾಗಿ ಆರುವ, 15 ಇಂಗಾಲದ ಭಾರವಾದ ಅಣು. ಲಿಮೊನೀನ್ ಹೋದ ಮೇಲೂ ಅದು ಉಳಿಯುತ್ತದೆ.

ಮೂರನೆಯದು ತಳಸ್ತರದ ಬಲ. ಲಾವಂಚ, ಟೊಂಕಾ ಬೀಜ, ಶ್ರೀಗಂಧ ಇಲ್ಲಿ ಕೆಲಸಕ್ಕೆ ಬರುತ್ತವೆ. ಶ್ರೀಗಂಧದ ಮುಖ್ಯ ಅಂಶವಾದ ಸ್ಯಾಂಟಲಾಲ್ ಬಹಳ ನಿಧಾನವಾಗಿ ಆವಿಯಾಗುತ್ತದೆ. 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾದ ಮೈಸೂರಿನ ಹೆಸರು ಜಗತ್ತಿನ ಸುಗಂಧಕಾರರಿಗೆ ಚಿರಪರಿಚಿತವಾಗಲು ಶ್ರೀಗಂಧದ ಈ ಗುಣವೂ ಒಂದು ಕಾರಣ.

ಒರಾಂಜ್ ಸಾಂಗ್ವಿನ್‌ನಲ್ಲಿ ಈ ದಾರಿಗಳು ಕೂಡಿಕೊಂಡಿವೆ. ಆರಂಭದಲ್ಲಿ ಕೆಂಪು ತಿರುಳಿನ ಕಿತ್ತಳೆ ಮತ್ತು ಕಹಿ ಕಿತ್ತಳೆ, ನಡುವೆ ಮಲ್ಲಿಗೆ ಮತ್ತು ಜೆರೇನಿಯಂ, ತಳದಲ್ಲಿ ಟೊಂಕಾ ಮತ್ತು ಶ್ರೀಗಂಧದ ಕಂಪು. ‘ಕೊಲೋನ್ ಅಬ್ಸೊಲ್ಯೂ’ ಎಂದು ಕರೆದ ಈ ಬಗೆಗೆ ಸಂಸ್ಥೆ ಹಳೆಯ ಕೊಲೋನ್‌ಗಿಂತ ಹಲವು ಪಟ್ಟು ಹೆಚ್ಚು ತೈಲ ಬಳಸಿತು. ಸಿಪ್ಪೆ ಸುಲಿದಾಗಿನ ರಸಭರಿತ ಹುಳಿ-ಸಿಹಿಯನ್ನು ಮಂದಗೊಳಿಸದೆ ಬಾಳಿಕೆ ತಂದದ್ದು ಇದರ ನಿಜವಾದ ಸಾಧನೆ. ಮುಖ್ಯವಾಗಿ ಸಿಟ್ರಸ್ ಕಂಪಿನಿಂದ ಹೆಸರು ಮಾಡಿದ ಈ ಸಂಸ್ಥೆಯನ್ನು 2016ರಲ್ಲಿ ಲೋರಿಯಲ್ ಕೊಂಡುಕೊಂಡಿತು.

ಬಳಸುವವರ ಕೈಯಲ್ಲೂ ಬಾಳಿಕೆ ಸ್ವಲ್ಪಮಟ್ಟಿಗೆ ಇದೆ. ಒಣ ಚರ್ಮಕ್ಕಿಂತ ಜಿಡ್ಡಿನಂಶವಿರುವ ಚರ್ಮದ ಮೇಲೆ, ಚರ್ಮಕ್ಕಿಂತ ಬಟ್ಟೆಯ ಮೇಲೆ ಕಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಗಾಳಿ, ಬೆಳಕು, ಶಾಖ ತಾಗಿದರೆ ಸಿಟ್ರಸ್ ಅಂಶಗಳೇ ಮೊದಲು ಕೆಡುವುದರಿಂದ ಬಾಟಲಿಯನ್ನು ಮುಚ್ಚಳ ಬಿಗಿದು, ತಂಪಾದ ಕತ್ತಲೆ ಜಾಗದಲ್ಲಿಡಬೇಕು.