ಹಳೆಯ ಡಿಸ್ಕು, ಹೊಸ ಪೆಟ್ಟಿಗೆ

ಪುಣೆ-ಸೊಲ್ಲಾಪುರ ಹೆದ್ದಾರಿಯ ಮೇಲೆ, ದೌಂಡ ತಾಲೂಕಿನಲ್ಲಿರುವ ಕುರಕುಂಭವು ನಮ್ಮ ವಾಚಕರಲ್ಲಿ ಅನೇಕರಿಗೆ ಪರಿಚಿತವಾದ ಊರೇ. ರಾಸಾಯನಿಕ ಕಾರಖಾನೆಗಳ ಔದ್ಯೋಗಿಕ ವಸಾಹತು ಅಲ್ಲಿರುವುದರಿಂದ, ಪಾಳಿ ಮುಗಿಸಿ ಬರುವ ಕಾರ್ಮಿಕರಿಗೂ ಲಾರಿಯವರಿಗೂ ಚಹ-ತಿಂಡಿ ಒದಗಿಸುವ ಹೋಟೆಲುಗಳಿಗೆ ಬಿಡುವೆಂಬುದಿಲ್ಲ. ಅಂತಹ ಒಂದು ಹೋಟೆಲಿನ ಯಜಮಾನರಾದ ನಮ್ಮ ಹಳೆಯ ಮಿತ್ರರು ಕಳೆದ ಮಳೆಗಾಲದಲ್ಲಿ ಫೋನು ಮಾಡಿ, "ನೀವೊಮ್ಮೆ ಬಂದು ಹೋಗಬೇಕು ಮಾರಾಯ್ರೆ, ಲೆಕ್ಕದ ಕಂಪ್ಯೂಟರು ಸತ್ತುಹೋಯಿತು" ಎಂದರು.

ನಾವು ಹೋದಾಗ ವಿಷಯವು ಇನ್ನಷ್ಟು ಕೆಟ್ಟಿತ್ತು. ಸಿಡಿಲಿನ ರಾತ್ರಿ ಮದರ್‌ಬೋರ್ಡು ಸುಟ್ಟಿತ್ತು. ಹಾರ್ಡ್ ಡಿಸ್ಕು ಮಾತ್ರ ಉಳಿದಿತ್ತು. ದುರಸ್ತಿಯವನೊಬ್ಬನು ಬೇರೊಂದು ಕಂಪ್ಯೂಟರನ್ನು ತಂದು, ಈ ಡಿಸ್ಕನ್ನು ಅದಕ್ಕೆ ಜೋಡಿಸಿದ್ದನು. ಗುಂಡಿ ಒತ್ತಿದೊಡನೆ ವಿಂಡೋಸ್ 7ರ ಚಿಹ್ನೆ ಕಾಣಿಸುವುದು, ಕಣ್ಣು ಮಿಟುಕಿಸುವಷ್ಟರಲ್ಲಿ ನೀಲಿ ಪರದೆಯೊಂದು ಬಂದು ಮಾಯವಾಗುವುದು, ಯಂತ್ರವು ತಾನಾಗಿಯೇ ಮತ್ತೆ ಮೊದಲಿನಿಂದ ಆರಂಭಿಸುವುದು. ಆತನು ಕೈಚೆಲ್ಲಿ, ಫಾರ್ಮ್ಯಾಟು ಮಾಡದೆ ಗತ್ಯಂತರವಿಲ್ಲವೆಂದನು.

ಫಾರ್ಮ್ಯಾಟೆಂದರೆ ಡಿಸ್ಕನ್ನು ಬರಿದುಮಾಡುವುದು. ಆ ಡಿಸ್ಕಿನಲ್ಲಿದ್ದುದು ವ್ಯಾಪಾರದ ಲೆಕ್ಕವಷ್ಟೇ ಅಲ್ಲ. ಊರಿಗೆ ಹೋಗುವಾಗ ಒಟ್ಟಿಗೆ ಪಡೆಯೋಣವೆಂದು ಹುಡುಗರು ಧಣಿಗಳ ಬಳಿ ಬಿಟ್ಟ ಸಂಬಳದ ಖಾತೆಯೂ ಅದರಲ್ಲಿತ್ತು, ಬೇರೆಲ್ಲಿಯೂ ನಕಲಿರಲಿಲ್ಲ. ಟೇಬಲ್ ಒರೆಸುತ್ತಿದ್ದ ಹುಡುಗನೊಬ್ಬನು ಬಟ್ಟೆಯನ್ನು ಹೆಗಲಿಗೇರಿಸಿ ಬಂದು, "ಅಣ್ಣಾ, ನಮ್ಮ ದುಡ್ಡಿನ ಲೆಕ್ಕ ಅದರೊಳಗೆ ಉಂಟಲ್ಲ?" ಎಂದು ಕೇಳಿದಾಗ ಯಜಮಾನರು ಉತ್ತರಿಸಲಿಲ್ಲ. ಗಲ್ಲೆಯ ಹಿಂದೆ ಕುಳಿತು ಬಲ್ಲ ನಮಗೆ ಆ ಮೌನದ ಅರ್ಥವಾಗದಿರಲಿಲ್ಲ.

ಡಿಸ್ಕು ಕೆಟ್ಟಿರಲಿಲ್ಲವೆಂಬುದನ್ನು ಮೊದಲು ತಿಳಿಯಬೇಕು. ಹತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ದುಡಿದ ಭಟ್ಟರನ್ನು ಕತ್ತಲೆಯಲ್ಲಿ ಹೊಸ ಅಡುಗೆಮನೆಗೆ ತಂದು ನಿಲ್ಲಿಸಿದರೆ, ಅವರು ಒಲೆಯಿದ್ದ ಹಳೆಯ ಮೂಲೆಗೇ ಕೈಚಾಚುವರು. ವಿಂಡೋಸ್ ಕೂಡ ಹಾಗೆಯೇ. ತಾನು ಹುಟ್ಟಿದ ಯಂತ್ರದಲ್ಲಿ ಡಿಸ್ಕಿನೊಡನೆ ಮಾತನಾಡಲು ಬೇಕಾದ ಚಾಲಕ ತಂತ್ರಾಂಶವನ್ನಷ್ಟೇ ಅದು ಆರಂಭದಲ್ಲಿ ಎಬ್ಬಿಸುತ್ತದೆ. ಹಳೆಯ ಯಂತ್ರದಲ್ಲಿ ಆ ಮಾತುಕತೆಯು ಐಡಿಇ ಎಂಬ ರೀತಿಯದು, ಹೊಸದರಲ್ಲಿ ಎಎಚ್‌ಸಿಐ. ತಾನೇ ಕುಳಿತಿರುವ ಡಿಸ್ಕು ತನಗೇ ಕಾಣದೆ, ವಿಂಡೋಸ್ ಕುಸಿಯುತ್ತದೆ. ಆರಂಭದಲ್ಲಿ ಎಫ್8 ಒತ್ತಿ, ತಾನಾಗಿ ಮರುಚಾಲನೆಯಾಗುವುದನ್ನು ತಡೆದಾಗ ನೀಲಿ ಪರದೆ ನಿಂತಿತು. ಕೆಳಗಿನ ಸಂಖ್ಯೆಯು 7ಬಿ ಎಂದು ಮುಗಿದಿತ್ತು. ಅದರ ಅರ್ಥ ಇದೇ.

ಆದರೂ ಮೊದಲು ನಾವು ಅದಕ್ಕೆ ಕೈಹಚ್ಚಲಿಲ್ಲ. ಡಿಸ್ಕನ್ನು ಬಿಚ್ಚಿ, ಪ್ರತ್ಯೇಕ ವಿದ್ಯುತ್ತಿನ ಯುಎಸ್‌ಬಿ ಕೇಬಲಿನಿಂದ ಗುಮಾಸ್ತರ ಲ್ಯಾಪ್‌ಟಾಪಿಗೆ ಹೊರಗಿನ ಡಿಸ್ಕಿನಂತೆ ಜೋಡಿಸಿದೆವು. ಇಂತಹ ಸಮಯದಲ್ಲಿ ಫಾರ್ಮ್ಯಾಟು ಮಾಡಲೇ ಎಂದು ಯಂತ್ರವು ಕೇಳಿದರೆ ಬೇಡವೆನ್ನಬೇಕು, ಅನುಮತಿಯಿಲ್ಲವೆಂದರೆ ಮುಂದುವರಿಸೆನ್ನಬೇಕು. ಖಾತೆಗಳು ಸಿಕ್ಕವು. ಆದರೆ ತೆರೆದು ನೋಡಿದರೆ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು! ಗುಮಾಸ್ತರ ಮುಖ ಬಿಳಿಚಿತು. ಕಾರಣ ಸರಳವಾದುದು: ಅವರು ಬರೆದುದು ನುಡಿಯ ಹಳೆಯ ಅಕ್ಷರರೂಪದಲ್ಲಿ, ಆ ಫಾಂಟು ಲ್ಯಾಪ್‌ಟಾಪಿನಲ್ಲಿರಲಿಲ್ಲ. ಹಳೆಯ ಡಿಸ್ಕಿನ ಫಾಂಟುಗಳನ್ನೂ ನಕಲಿಸಿದೊಡನೆ ಕನ್ನಡವು ಮರಳಿತು. ಹಳೆಯ ನುಡಿ, ಬರಹಗಳಲ್ಲಿ ಲೆಕ್ಕವಿಟ್ಟವರು ಇದನ್ನು ಮರೆಯಬಾರದು.

ಅನಂತರ ಡಿಸ್ಕನ್ನು ಪೆಟ್ಟಿಗೆಗೆ ಮರಳಿಸಿ, ಬಯಾಸ್ ಪ್ರವೇಶಿಸಿ, ಸಾಟಾ ಎಂಬಲ್ಲಿ ಎಎಚ್‌ಸಿಐ ಇದ್ದುದನ್ನು ಐಡಿಇ ಮಾಡಿದೆವು. ವಿಂಡೋಸ್ ಎದ್ದಿತು! ಆದರೆ ಕೀಲಿಮಣೆ ಸತ್ತಂತಿತ್ತು. ವಿಂಡೋಸ್ 7ಕ್ಕೆ ಯುಎಸ್‌ಬಿ 3ರ ಚಾಲಕವು ಹುಟ್ಟಿನಿಂದ ಇಲ್ಲ. ನೀಲಿ ಬಾಯಿಯ ರಂಧ್ರದಿಂದ ಕಿತ್ತು ಕಪ್ಪು ಬಾಯಿಯದಕ್ಕೆ ಸಿಕ್ಕಿಸಿದಾಗ ಸರಿಯಾಯಿತು. ಚಿಹ್ನೆಯೂ ಕಾಣದೆ ಡಿಸ್ಕೇ ಇಲ್ಲವೆನ್ನುವ ಯಂತ್ರದಲ್ಲಿ ಲೆಗಸಿ ಎಂಬುದನ್ನು ಆರಿಸಿ ನೋಡಬೇಕು. ಇತ್ತೀಚಿನ ಅನೇಕ ಯಂತ್ರಗಳಲ್ಲಿ ಆ ಸೌಕರ್ಯವೇ ಇಲ್ಲ, ಅಲ್ಲಿ ನಕಲು ತೆಗೆಯುವುದೊಂದೇ ದಾರಿ. ವಿಂಡೋಸ್ 10 ಆದರೆ ಒಮ್ಮೆ ಸೇಫ್ ಮೋಡಿನಲ್ಲಿ ಎಬ್ಬಿಸಿದರೆ ಎಷ್ಟೋ ಸಲ ತಾನೇ ಹೊಂದಿಕೊಳ್ಳುತ್ತದೆ. ಬಿಟ್‌ಲಾಕರ್ ಬೀಗವಿದ್ದಲ್ಲಿ ಮಾತ್ರ 48 ಅಂಕೆಗಳ ಕೀಲಿ ಬೇಕೇಬೇಕು.

ಎದ್ದಿತೆಂದು ಅದರಲ್ಲೇ ಮುಂದುವರಿಯುವುದನ್ನು ನಾವು ಒಪ್ಪಲಿಲ್ಲ. ವಿಂಡೋಸ್ 7ಕ್ಕೆ ಸುರಕ್ಷತೆಯ ಬೆಂಬಲವು 2020ರ ಜನವರಿ 14ರಂದೇ ನಿಂತಿದೆ. ಇಂಟರ್ನೆಟ್ಟಿಗೆ ಜೋಡಿಸುವುದು ಕ್ಷೇಮವಲ್ಲ. ಹೊಸ ಡಿಸ್ಕಿಗೆ ಹೊಸ ವ್ಯವಸ್ಥೆ ಹಾಕಿಸಲು ಹೇಳಿ, ಹಳೆಯದನ್ನು ಕಾಗದದಲ್ಲಿ ಸುತ್ತಿ ತಿಜೋರಿಯಲ್ಲಿಡಿಸಿದೆವು.

ರಾತ್ರಿ ಬಾಗಿಲು ಹಾಕಿದ ಮೇಲೆ ಗುಮಾಸ್ತರು ಕೆಂಪು ರಟ್ಟಿನ ಲೆಡ್ಜರೊಂದನ್ನು ತಂದು, ಒಬ್ಬೊಬ್ಬರ ಬಾಕಿಯನ್ನೂ ಗಟ್ಟಿಯಾಗಿ ಓದಿ ಬರೆದುಕೊಂಡರು. ಮಧ್ಯಾಹ್ನ ಪ್ರಶ್ನೆ ಕೇಳಿದ್ದ ಹುಡುಗನು ತನ್ನ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಕೂಡಿಸಿ ನೋಡಿ, ಸಹಿ ಹಾಕಿದನು.