ಆಟದ ಯಂತ್ರದ ಆಯ್ಕೆ: ಒಂದು ವಿವೇಚನೆ

ವಿಡಿಯೋ ಆಟವೆಂಬುದು ಎಳೆಯರ ಕಾಲಹರಣವೆಂದು ಭಾವಿಸುವವರಿಗೆ, ಆ ಆಟದ ಯಂತ್ರವನ್ನು, ಎಂದರೆ ಕನ್ಸೋಲನ್ನು, ಆರಿಸುವ ಪ್ರಶ್ನೆ ವಿಚಾರಯೋಗ್ಯವೆಂದು ತೋರದಿರಬಹುದು. ಆದರೆ ಕೊಳ್ಳುವವನಿಗೆ ಇದು ಅಲ್ಪ ವಿಷಯವಲ್ಲ. ಒಂದು ಯಂತ್ರಕ್ಕಾಗಿ ರಚಿತವಾದ ಆಟ ಇನ್ನೊಂದರಲ್ಲಿ ನಡೆಯದು. ಆದಕಾರಣ ಯಂತ್ರವನ್ನು ಕೊಂಡ ದಿನವೇ ಅವನು, ಮುಂದಿನ ನಾಲ್ಕೈದು ವರ್ಷ ತಾನು ಯಾವುದನ್ನು ಆಡಬಲ್ಲೆ, ಯಾವುದನ್ನು ಆಡಲಾರೆ ಎಂಬುದನ್ನೂ ನಿಶ್ಚಯಿಸಿಬಿಟ್ಟಿರುತ್ತಾನೆ. ಇದರ ಸ್ವರೂಪವನ್ನು ತಿಳಿಯಲು, ಕಳೆದ ಶತಮಾನದ ಕೊನೆಯ ದಶಕದಲ್ಲಿ ಜಪಾನಿನ ಮೂರು ಸಂಸ್ಥೆಗಳ ನಡುವೆ ನಡೆದ ಸ್ಪರ್ಧೆಯನ್ನು ಪರಿಶೀಲಿಸುವುದು ಉಚಿತ.

ಸೆಗಾ ಸಂಸ್ಥೆಯ ಸ್ಯಾಟರ್ನ್ 1994ರ ನವೆಂಬರಿನಲ್ಲಿಯೂ, ಸೋನಿಯ ಪ್ಲೇಸ್ಟೇಷನ್ ಅದೇ ವರ್ಷದ ಡಿಸೆಂಬರಿನಲ್ಲಿಯೂ, ನಿಂಟೆಂಡೊ 64 ಎಂಬುದು 1996ರ ಜೂನಿನಲ್ಲಿಯೂ ಜಪಾನಿನಲ್ಲಿ ಮಾರಾಟಕ್ಕೆ ಬಂದವು. ಅಮೆರಿಕದಲ್ಲಿ ಸ್ಯಾಟರ್ನ್ 1995ರ ಸೆಪ್ಟೆಂಬರಿಗೆ ನಿಗದಿಯಾಗಿತ್ತು. ಪ್ರತಿಸ್ಪರ್ಧಿಗಿಂತ ಮುಂದಾಗಬೇಕೆಂಬ ತವಕದಿಂದ ಸೆಗಾ ಮೇ ತಿಂಗಳಲ್ಲಿಯೇ ಅದನ್ನು 399 ಡಾಲರಿಗೆ ಮಾರತೊಡಗಿತು. ಸೋನಿ ಅದೇ ಪ್ರದರ್ಶನದಲ್ಲಿ ತನ್ನ ಬೆಲೆ 299 ಡಾಲರೆಂದು ಸಾರಿತು. ಸೆಪ್ಟೆಂಬರನ್ನು ನಂಬಿದ್ದ ಆಟಗಳ ರಚನಕಾರರ ಕೆಲಸ ಆಗಿನ್ನೂ ಮುಗಿದಿರಲಿಲ್ಲ. ಹೀಗಾಗಿ ಮೊದಲು ಕೊಂಡವನಿಗೆ ಯಂತ್ರವೇನೋ ದೊರೆಯಿತು, ಆಡಲು ಆಟಗಳು ಸಾಕಷ್ಟಿರಲಿಲ್ಲ. ಮೊದಲು ಬಂದದ್ದೇ ಶ್ರೇಷ್ಠವಲ್ಲವೆಂಬುದು ಇಲ್ಲಿನ ಮೊದಲ ಪಾಠ.

ಎರಡನೆಯದು ಶಕ್ತಿಯ ವಿಷಯ. ಸ್ಯಾಟರ್ನಿನಲ್ಲಿ ಎರಡು ಮುಖ್ಯ ಸಂಸ್ಕಾರಕಗಳಿದ್ದವು. ಆದರೆ ಎರಡಕ್ಕೂ ಕೆಲಸವನ್ನು ಸರಿಯಾಗಿ ಹಂಚುವುದು ರಚನಕಾರರಿಗೆ ಕಷ್ಟವಾಯಿತು. ಪ್ಲೇಸ್ಟೇಷನ್ ಅವರಿಗೆ ಸುಲಭಸಾಧ್ಯವಾಗಿತ್ತು. ನಿಂಟೆಂಡೊ ಕಾರ್ಟ್ರಿಜ್ಜನ್ನೇ ಉಳಿಸಿಕೊಂಡಿತು. ಅದರಿಂದ ಆಟ ತೆರೆಯಲು ಕಾಯಬೇಕಾಗಿರಲಿಲ್ಲ ಎಂಬುದು ನಿಜ. ಆದರೆ ಅದರ ಗರಿಷ್ಠ ಸಾಮರ್ಥ್ಯ 64 ಮೆಗಾಬೈಟ್, ಸೀಡಿಯದು ಸುಮಾರು 650. ಮೇಲಾಗಿ ಕಾರ್ಟ್ರಿಜ್ಜಿನ ತಯಾರಿಕೆಯ ವೆಚ್ಚ ಬಹಳ ಹೆಚ್ಚು. ಹಿಂದೆ ನಿಂಟೆಂಡೊ ಯಂತ್ರಗಳಿಗೆ ಫೈನಲ್ ಫ್ಯಾಂಟಸಿ ಮಾಲಿಕೆಯನ್ನು ರಚಿಸುತ್ತಿದ್ದ ಸ್ಕ್ವೇರ್ ಸಂಸ್ಥೆ, 1997ರಲ್ಲಿ ಅದರ ಏಳನೆಯ ಕೃತಿಯನ್ನು ಮೂರು ಸೀಡಿಗಳಲ್ಲಿ ಪ್ಲೇಸ್ಟೇಷನ್ನಿಗೆ ತಂದಿತು. ಆ ಮಾಲಿಕೆಗಾಗಿಯೇ ನಿಂಟೆಂಡೊವನ್ನು ಕಾದು ಕೊಂಡವನು ನಿರಾಶನಾಗಬೇಕಾಯಿತು.

ಮೂರನೆಯದು ಲೆಕ್ಕ. ಸಾಲ ಪಡೆಯುವವನು ಅಸಲನ್ನು ಮಾತ್ರ ನೋಡಿ ಬಡ್ಡಿಯನ್ನು ಮರೆಯುವುದನ್ನು ನನ್ನ ವೃತ್ತಿಯಲ್ಲಿ ಪದೇ ಪದೇ ಕಂಡಿದ್ದೇನೆ. ಇಲ್ಲಿಯೂ ಅದೇ ಪ್ರಮಾದ ಸಂಭವಿಸುತ್ತದೆ. 1996ರಲ್ಲಿ ನಿಂಟೆಂಡೊ 64 ಅಮೆರಿಕದಲ್ಲಿ 199 ಡಾಲರಿಗೆ ಬಂದಿತು. ಪ್ಲೇಸ್ಟೇಷನ್ನಿನ ಬೆಲೆಯೂ ಅಷ್ಟಕ್ಕೇ ಇಳಿದಿತ್ತು. ಆದರೆ ಒಂದೊಂದು ಕಾರ್ಟ್ರಿಜ್ಜೂ ಸೀಡಿಗಿಂತ ದುಬಾರಿಯಾಗಿತ್ತು. ಹತ್ತು ಆಟಗಳನ್ನು ಕೊಳ್ಳುವವನಿಗೆ ಯಂತ್ರದ ಬೆಲೆಗಿಂತ ಈ ವ್ಯತ್ಯಾಸವೇ ಮುಖ್ಯ.

ಕೊನೆಗೆ ಪ್ಲೇಸ್ಟೇಷನ್ 10 ಕೋಟಿಗೂ ಮಿಕ್ಕಿ ಮಾರಾಟವಾಯಿತು. ನಿಂಟೆಂಡೊ 64 ಸುಮಾರು 3.3 ಕೋಟಿ, ಸ್ಯಾಟರ್ನ್ ಒಂದು ಕೋಟಿಗೂ ಕಡಿಮೆ. ಸೆಗಾ 2001ರಲ್ಲಿ ಯಂತ್ರಗಳ ತಯಾರಿಕೆಯನ್ನೇ ಕೈಬಿಟ್ಟಿತು.

ಹಾಗಾದರೆ ಬಹುಜನರು ಕೊಂಡದ್ದನ್ನೇ ಕೊಳ್ಳಬೇಕೆ? ಹಾಗೆಂದು ಹೇಳಲಾಗದು. ನಿಂಟೆಂಡೊ 64ರಲ್ಲಿ ನಾಲ್ವರು ಒಟ್ಟಿಗೆ ಕುಳಿತು ಆಡಲು ನಾಲ್ಕು ಸಂಪರ್ಕಸ್ಥಾನಗಳಿದ್ದವು, ಉಳಿದೆರಡರಲ್ಲಿ ಎರಡೆರಡೇ. ಒಡಹುಟ್ಟಿದವರು ನಾಲ್ವರಿದ್ದ ಮನೆಗೆ ಅದೇ ಯೋಗ್ಯವಾಗಿದ್ದಿರಬೇಕು. ಸೂಪರ್ ಮಾರಿಯೋ 64ನ್ನು ಬಯಸಿದವನಿಗೆ ಆಗ ಅನ್ಯಮಾರ್ಗವೇ ಇರಲಿಲ್ಲ.

ಇಂದು ಕಣದಲ್ಲಿರುವವರು ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ. ಅಂತರಜಾಲದ ಮೂಲಕ ಕೊಂಡ ಆಟಗಳು ಖಾತೆಗೆ ಅಂಟಿಕೊಂಡಿರುತ್ತವೆ. ಅವುಗಳನ್ನು ಮಾರುವಂತಿಲ್ಲ. ಹೀಗಾಗಿ ಬಂಧನ ಮೊದಲಿಗಿಂತ ಬಿಗಿಯಾಗಿದೆ. ಯಾವ ಆಟಗಳು ಬೇಕು, ಯಾರೊಡನೆ ಆಡುವೆ, ಐದು ವರ್ಷಗಳ ಒಟ್ಟು ವೆಚ್ಚವೆಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಅಂಗಡಿಯ ಮೆಟ್ಟಿಲೇರುವುದು ಕ್ಷೇಮ. ಲಿಪಿಯ ಬೆಲೆ ಅದರಲ್ಲಿ ಬರೆದ ವಾಙ್ಮಯದಿಂದಲೇ ಹೊರತು ಅಕ್ಷರಗಳ ಅಂದದಿಂದಲ್ಲ. ಪರನಾಡಿನಲ್ಲಿ ನೆಲೆಸಿ ಕನ್ನಡದ ಓದನ್ನು ಉಳಿಸಿಕೊಂಡಿರುವ ನಮಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.